ಪರದೆ ಇಲ್ಲದ ಕಿಟಕಿ

ಬಾಗಿಲಲ್ಲಿ ನಿಂತಿದ್ದ ದಢೂತಿ ಆಸಾಮಿ ನನ್ನ ಪಾಸ್‌ಪೋರ್ಟಿನ ಮೇಲೆ ಟಾರ್ಚ್ ಬಿಟ್ಟ. ಹುಟ್ಟಿದ ವರ್ಷ ನೋಡಿದ, ನನ್ನ ಮುಖ ನೋಡಿದ, ನಕ್ಕು ತಲೆಯಾಡಿಸಿದ. 'ಮುಂದಿನ ವರ್ಷ ಬಾ' ಅಂದ. ಕ್ಯಾಲಿಫೋರ್ನಿಯಾದಲ್ಲಿ 21 ತುಂಬದವರು ಬಾರ್ ಒಳಗೆ ಕಾಲಿಡುವ ಹಾಗಿಲ್ಲ. ನನಗೆ 20. ಪಕ್ಕದಲ್ಲಿದ್ದ ಭಾವ, 'ಆಯ್ತಲ್ಲ, ಕಾಫಿ ಕುಡಿಯೋಣ ನಡಿ' ಎಂದು ನಿಟ್ಟುಸಿರು ಬಿಟ್ಟರು. ಅದು ನಿರಾಸೆಯ ನಿಟ್ಟುಸಿರೋ ನೆಮ್ಮದಿಯದ್ದೋ ಗೊತ್ತಾಗಲಿಲ್ಲ.

ಹೀಗಾಗಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಸ್ಟ್ರೊ ಬೀದಿಯನ್ನು, ಜಗತ್ತಿನಲ್ಲೇ ಹೆಸರು ಮಾಡಿದ ಗೇ ಬೀದಿಯನ್ನು, ನಾನು ನೋಡಿದ್ದೆಲ್ಲ ಫುಟ್‌ಪಾತಿನಿಂದಲೇ. ಬಾರುಗಳ ಒಳಗೆ ಏನೇನಿದೆ ಎಂದು ಕೇಳಿದರೆ ಹೇಳಲಾರೆ. ಆದರೆ ಅಲ್ಲಿ ನಾಲ್ಕು ಗಂಟೆ ಅಲೆದ ಮೇಲೆ, ಆ ಬೀದಿಯನ್ನು ಹೊರಗೆ ನಿಂತು ನೋಡುವುದೇ ಸರಿ ಅನ್ನಿಸಿತು. ಏಕೆಂದರೆ ಅದರ ಕಥೆ ಇರುವುದು ಕಿಟಕಿಗಳಲ್ಲಿ.

ಬಾಣಂತನಕ್ಕೆ ಹೋದವನು

ನಾನು ತುಮಕೂರು ಜಿಲ್ಲೆಯವನು. ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ, ಮೂರನೇ ವರ್ಷ. ಅಕ್ಕ, ಭಾವ ಇರುವುದು ಅಮೆರಿಕದ ಸನಿವೇಲ್‌ನಲ್ಲಿ. ಡಿಸೆಂಬರಿನಲ್ಲಿ ಅಕ್ಕನಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಹೊರಟ ಅಮ್ಮನಿಗೆ ಒಬ್ಬಳೇ ವಿಮಾನ ಬದಲಿಸುವ ಧೈರ್ಯ ಇರಲಿಲ್ಲ. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ ನಾನು ಜೊತೆಗೆ ಹೊರಟೆ. ಸೂಟ್‌ಕೇಸ್ ತುಂಬ ಮೆಂತ್ಯ, ಅಂಟಿನುಂಡೆ, ಬಜೆ, ಮಗುವಿಗೆ ಹಳೇ ಪಂಚೆಯ ಬಟ್ಟೆ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಕಾರಣ.

ಅಕ್ಕನಿಗೆ ಮಾತ್ರ ಗೊತ್ತಿದ್ದ ಇನ್ನೊಂದು ಕಾರಣವಿತ್ತು. ನಾನು ಗೇ. ಎರಡು ವರ್ಷದ ಹಿಂದೆ ಒಂದು ರಾತ್ರಿ ಹಾಸ್ಟೆಲ್ ಟೆರೇಸಿನಿಂದ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಊಟ ಮಾಡಿದ್ಯಾ?' ಎಂದು ಕೇಳಿದ್ದಳು. ಆಮೇಲೆ, 'ಇಲ್ಲಿಗೆ ಬಂದಾಗ ನಿನಗೊಂದು ಬೀದಿ ತೋರಿಸ್ತೀನಿ' ಅಂದಿದ್ದಳು. ಈಗ ಅವಳು ಬಾಣಂತಿ. ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಅಮ್ಮನ ಕಾವಲಿನಲ್ಲಿ ಕೂತಿದ್ದಳು. ಬೀದಿ ತೋರಿಸುವ ಕೆಲಸ ಭಾವನ ಪಾಲಿಗೆ ಬಂತು.

ಭಾವ ಮಂಡ್ಯದವರು. ಚಿಪ್ ಡಿಸೈನ್ ಬಿಟ್ಟರೆ ಕ್ರಿಕೆಟ್, ಕ್ರಿಕೆಟ್ ಬಿಟ್ಟರೆ ಚಿಪ್ ಡಿಸೈನ್. ಎಂಟು ವರ್ಷದಿಂದ ಅಲ್ಲೇ ಇದ್ದರೂ ಆ ಬೀದಿಗೆ ಹೋದವರಲ್ಲ. ಅಕ್ಕ ವಿಷಯ ಹೇಳಿದ ಮಾರನೇ ದಿನ ನನ್ನ ಹತ್ತಿರ ಬಂದು, 'ಶನಿವಾರ ಹೋಗೋಣ. ಜಾಕೆಟ್ ತಗೋ, ಅಲ್ಲಿ ಗಾಳಿ ಜಾಸ್ತಿ' ಅಂದರು. ಈ ವಿಷಯದಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಅಮ್ಮನಿಗೆ 'ಊರು ನೋಡಿಕೊಂಡು ಬರ್ತೀವಿ' ಎಂದಷ್ಟೇ ಹೇಳಿದೆವು. ಅಮ್ಮ ಭಾವನ ತಲೆಗೆ ಮಂಕಿ ಕ್ಯಾಪ್ ಹಾಕಿಸಿಯೇ ಕಳಿಸಿದಳು.

ಸನಿವೇಲ್‌ನಿಂದ ಕಾಲ್‌ಟ್ರೇನ್ ಹಿಡಿದರೆ ಸುಮಾರು ಒಂದು ಗಂಟೆಯ ದಾರಿ. ಅಲ್ಲಿಂದ ಮಾರ್ಕೆಟ್ ಸ್ಟ್ರೀಟಿಗೆ ಬಂದು ಎಫ್ ಲೈನಿನ ಟ್ರಾಮ್ ಹತ್ತಿದೆವು. ಈ ಲೈನಿನಲ್ಲಿ ಓಡುವುದು ಹಳೇ ಕಾಲದ ಟ್ರಾಮುಗಳು. ನಮಗೆ ಸಿಕ್ಕಿದ್ದು ಇಟಲಿಯ ಮಿಲಾನ್ ನಗರದಲ್ಲಿ ಓಡಾಡಿಕೊಂಡಿದ್ದ 1928ರ ಕಿತ್ತಳೆ ಬಣ್ಣದ ಬಂಡಿ. ಅದರ ಕೊನೆಯ ಸ್ಟಾಪೇ ಕ್ಯಾಸ್ಟ್ರೊ.

ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಬಾವುಟ. 20 ಅಡಿ ಅಗಲ, 30 ಅಡಿ ಉದ್ದದ ಕಾಮನಬಿಲ್ಲು. ಗಾಳಿಗೆ ಅದು ಪಟಪಟ ಬಡಿಯುವ ಸದ್ದು ರಸ್ತೆಯಾಚೆಗೂ ಕೇಳುತ್ತಿತ್ತು. ಇದನ್ನು ರೂಪಿಸಿದವರು ಗಿಲ್ಬರ್ಟ್ ಬೇಕರ್ ಎಂಬ ಕಲಾವಿದ. 1978ರ ಜೂನ್ 25ರಂದು ಇದೇ ನಗರದಲ್ಲಿ ಮೊದಲ ಸಲ ಹಾರಿದಾಗ ಅದಕ್ಕೆ ಎಂಟು ಬಣ್ಣ. ಸ್ವಯಂಸೇವಕರು ಕೈಯಾರೆ ಬಟ್ಟೆ ಅದ್ದಿ ಬಣ್ಣ ಹಾಕಿದ್ದರು. ಹೆಚ್ಚು ಬಾವುಟ ಬೇಕೆಂದಾಗ ಆ ಕಡು ಗುಲಾಬಿ ಬಟ್ಟೆ ಅಂಗಡಿಯಲ್ಲಿ ಸುಲಭವಾಗಿ ಸಿಗಲಿಲ್ಲವಂತೆ, ಅದನ್ನು ಕೈಬಿಟ್ಟರು. ಮುಂದೆ ಇನ್ನೊಂದು ಬದಲಾವಣೆಯಾಗಿ ಆರು ಉಳಿದವು. ಇದನ್ನು ಭಾವನಿಗೆ ಹೇಳಿದೆ. 'ಕಾಸ್ಟ್ ಕಟಿಂಗ್ ಎಲ್ಲಾ ಕಡೆ ಒಂದೇ' ಅಂದರು.

ಮೊದಲು ಗಾಜು, ಆಮೇಲೆ ಕಾನೂನು

ಈ ಬಡಾವಣೆ ಮೊದಲಿನಿಂದಲೂ ಹೀಗಿರಲಿಲ್ಲ. ಹಿಂದೆ ಇಲ್ಲಿದ್ದವರು ಐರಿಷ್ ಮೂಲದ ಕಾರ್ಮಿಕ ಕುಟುಂಬಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಲಿಂಗಿಗಳೆಂದು ಅಮೆರಿಕದ ಸೇನೆ ಹೊರಹಾಕಿದ ಎಷ್ಟೋ ಮಂದಿ ಈ ಬಂದರು ನಗರದಲ್ಲೇ ಉಳಿದುಬಿಟ್ಟರು. ಆ ಹಣೆಪಟ್ಟಿ ಹೊತ್ತು ಊರಿಗೆ ಹೋಗುವುದಾದರೂ ಹೇಗೆ? 1960ರ ದಶಕದ ಹೊತ್ತಿಗೆ ಕ್ಯಾಸ್ಟ್ರೊದ ಕುಟುಂಬಗಳು ಉಪನಗರಗಳಿಗೆ ಹೊರಟವು. ಮರದ ಹಳೇ ಮನೆಗಳು ಅಗ್ಗಕ್ಕೆ ಸಿಗತೊಡಗಿದವು. ಯುವಕರು ಬಂದರು, ಮನೆಗಳಿಗೆ ಬಣ್ಣ ಬಳಿದರು, ಅಂಗಡಿ ತೆರೆದರು.

ಆ ಕಾಲದ ಗೇ ಬಾರುಗಳಿಗೆ ಕಿಟಕಿ ಇರುತ್ತಿರಲಿಲ್ಲ. ಇದ್ದರೂ ಹೊರಗಿನಿಂದ ಕಾಣದ ಹಾಗೆ ಮುಚ್ಚಿಟ್ಟಿರುತ್ತಿದ್ದರು. ಪೊಲೀಸರು ದಾಳಿ ಮಾಡುತ್ತಿದ್ದರು. ಸಿಕ್ಕಿಬಿದ್ದವರ ಹೆಸರು ಪೇಪರಿನಲ್ಲಿ ಬಂದರೆ ಕೆಲಸ ಹೋಯಿತು, ಮನೆ ಹೋಯಿತು. ಅಂಥ ದಿನಗಳಲ್ಲಿ, 1972ರಲ್ಲಿ, ಇಬ್ಬರು ಗೆಳತಿಯರು ಕ್ಯಾಸ್ಟ್ರೊ ಬೀದಿಯ ತುದಿಯ ಮೂಲೆಯಲ್ಲಿದ್ದ ಟ್ವಿನ್ ಪೀಕ್ಸ್ ಎಂಬ ಬಾರನ್ನು ಕೊಂಡರು. ಅದಕ್ಕೆ ಬೀದಿ ಕಡೆಗೆ ದೊಡ್ಡ ದೊಡ್ಡ ಗಾಜಿನ ಕಿಟಕಿ ಹಾಕಿಸಿದರು. ಒಳಗೆ ಕೂತವರು ಬೀದಿಯನ್ನು ನೋಡಬಹುದು, ಬೀದಿಯವರು ಒಳಗಿದ್ದವರ ಮುಖ ನೋಡಬಹುದು. ಅಷ್ಟೇ ಅವರು ಮಾಡಿದ್ದು.

ಆಗ ಆ ರಾಜ್ಯದಲ್ಲಿ ಸಲಿಂಗ ಸಂಬಂಧ ಇನ್ನೂ ಅಪರಾಧವೇ. ಆ ಕಾನೂನು ತೆಗೆಯುವ ಮಸೂದೆಗೆ ಸಹಿ ಬಿದ್ದದ್ದು 1975ರಲ್ಲಿ, ಜಾರಿಗೆ ಬಂದದ್ದು 1976ರ ಜನವರಿ 1ರಂದು. ಅಂದರೆ ಗಾಜು ಮೊದಲು ಬಂತು, ಕಾನೂನು ಆಮೇಲೆ ಬಂತು. 2013ರಲ್ಲಿ ನಗರಾಡಳಿತ ಈ ಬಾರನ್ನು ಐತಿಹಾಸಿಕ ತಾಣವೆಂದು ಘೋಷಿಸಿತು. ನಮ್ಮಲ್ಲಿ ಕೋಟೆ, ಕಲ್ಯಾಣಿಗಳಿಗೆ ಕೊಡುವ ಮರ್ಯಾದೆ, ಅಲ್ಲಿ ಒಂದು ಕಿಟಕಿಗೆ.

ನಾವು ಆ ಗಾಜಿನ ಮುಂದೆ ನಿಂತೆವು. ಒಳಗೆ ಬಣ್ಣದ ಗಾಜಿನ ದೀಪಗಳು. ಕಿಟಕಿ ಪಕ್ಕದ ಮೇಜಿನಲ್ಲಿ ಎಪ್ಪತ್ತು ದಾಟಿದ ಇಬ್ಬರು ಅಜ್ಜಂದಿರು. ಒಬ್ಬರು ಕನ್ನಡಕ ಹಣೆಗೇರಿಸಿಕೊಂಡು ಏನೋ ಓದಿ ಹೇಳುತ್ತಿದ್ದರು, ಇನ್ನೊಬ್ಬರು ಕೇಳಿಸಿಕೊಳ್ಳದೆ ಕಡಲೆಬೀಜ ತಿನ್ನುತ್ತಿದ್ದರು. ಓದುತ್ತಿದ್ದವರ ಕೈ ಇನ್ನೊಬ್ಬರ ಮಂಡಿಯ ಮೇಲಿತ್ತು. ವಯಸ್ಸಾದ ಗಿರಾಕಿಗಳೇ ಹೆಚ್ಚಾದ್ದರಿಂದ ಈ ಬಾರಿಗೆ 'ಗಾಜಿನ ಶವಪೆಟ್ಟಿಗೆ' ಎಂಬ ಅಡ್ಡಹೆಸರೂ ಇದೆ. ಹುಡುಗರು ಇಟ್ಟ ಹೆಸರೇ ಇರಬೇಕು. ನನಗೆ ಮಾತ್ರ ನಗು ಬರಲಿಲ್ಲ. ನನ್ನಂಥವರು ಮುದುಕರಾಗಿರುವುದನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಸಿನಿಮಾದಲ್ಲಿ, ಮೊಬೈಲಿನಲ್ಲಿ ನೋಡಿದ್ದೆಲ್ಲ ಇಪ್ಪತ್ತೈದರ ಹುಡುಗರನ್ನು. ಐವತ್ತರ ನಂತರ ನಾನು ಎಲ್ಲಿರುತ್ತೇನೆ ಎಂಬ ಚಿತ್ರವೇ ನನ್ನ ತಲೆಯಲ್ಲಿ ಇರಲಿಲ್ಲ.

ತೊಟ್ಟಿಲ ಕೊಕ್ಕೆ ಮತ್ತು ಟ್ಯೂರಿಂಗ್

ಬೀದಿಯೇನೂ ದೊಡ್ಡದಲ್ಲ. 1922ರ ಕ್ಯಾಸ್ಟ್ರೊ ಥಿಯೇಟರಿನ ನಿಯಾನ್ ಬೋರ್ಡು, ಬಾರುಗಳು, ಕಾಫಿ ಅಂಗಡಿಗಳು, ನಾಯಿ ಹಿಡಿದು ಓಡಾಡುವ ಜನ. 'ಇಲ್ಲಿ ಎಲ್ರೂ ಅವರೇನಾ?' ಎಂದು ಭಾವ ಪಿಸುಗುಟ್ಟಿದರು. 'ಜೋರಾಗೇ ಕೇಳಿ ಭಾವ, ಇಲ್ಲಿ ಯಾರಿಗೂ ಕನ್ನಡ ಬರಲ್ಲ' ಅಂದೆ. ಅಷ್ಟರಲ್ಲಿ ಆರು ಅಡಿಗೂ ಎತ್ತರ, ಬೆಳ್ಳಿ ಬಣ್ಣದ ಗೌನು, ಹೈ ಹೀಲ್ಸ್ ತೊಟ್ಟ ಡ್ರ್ಯಾಗ್ ಕಲಾವಿದರೊಬ್ಬರು ಎದುರಾಗಿ ಭಾವನ ಮಂಕಿ ಕ್ಯಾಪನ್ನು ಮನಸಾರೆ ಹೊಗಳಿ ಹೋದರು. ಭಾವ ಆಮೇಲೆ ಅದನ್ನು ತೆಗೆಯಲೇ ಇಲ್ಲ.

1936ರಿಂದ ನಡೆಯುತ್ತಿರುವ ಕ್ಲಿಫ್ಸ್ ವೆರೈಟಿ ಎಂಬ ಅಂಗಡಿ ಅಲ್ಲಿದೆ. ಒಂದು ಕಡೆ ಮೊಳೆ, ಸ್ಕ್ರೂ, ಬಲ್ಬು. ಇನ್ನೊಂದು ಕಡೆ ಬಣ್ಣದ ಗರಿಗಳ ಹಾರ, ಮಿಂಚುವ ಬಟ್ಟೆ. ಭಾವನಿಗೆ ಜೀವ ಬಂತು. ತೊಟ್ಟಿಲು ಕಟ್ಟಲು ಎರಡು ಗಟ್ಟಿ ಕೊಕ್ಕೆ ಕೊಂಡರು. ನನ್ನ ಸೋದರಸೊಸೆಯ ತೊಟ್ಟಿಲು ಇವತ್ತಿಗೂ ಕ್ಯಾಸ್ಟ್ರೊ ಬೀದಿಯ ಕೊಕ್ಕೆಯಲ್ಲೇ ನೇತಾಡುತ್ತಿದೆ.

ಫುಟ್‌ಪಾತಿನ ಮೇಲೆ ಅಲ್ಲಲ್ಲಿ ಕಂಚಿನ ಫಲಕಗಳಿವೆ. ಒಂದರ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಅಲನ್ ಟ್ಯೂರಿಂಗ್. ಹಿಂದಿನ ತಿಂಗಳಷ್ಟೇ ಆಟೊಮ್ಯಾಟಾ ಥಿಯರಿ ಪರೀಕ್ಷೆಯಲ್ಲಿ ಟ್ಯೂರಿಂಗ್ ಮಷೀನ್ ಬಿಡಿಸಿ ಬಂದಿದ್ದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಗುಪ್ತ ಸಂಕೇತ ಭೇದಿಸಲು ದುಡಿದ ಈ ಮನುಷ್ಯನನ್ನು ಬ್ರಿಟನ್ 1952ರಲ್ಲಿ ಸಲಿಂಗ ಸಂಬಂಧದ ಅಪರಾಧಿ ಎಂದು ತೀರ್ಮಾನಿಸಿತು. ಜೈಲಿನ ಬದಲು ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. 1954ರಲ್ಲಿ ತೀರಿಕೊಂಡಾಗ ವಯಸ್ಸು 41. ರಾಜಕ್ಷಮೆ ಸಿಕ್ಕಿದ್ದು 2013ರಲ್ಲಿ. ನಮ್ಮ ಪಠ್ಯಪುಸ್ತಕದಲ್ಲಿ ಮಷೀನಿಗೆ ಒಂದಿಡೀ ಅಧ್ಯಾಯವಿದೆ, ಮನುಷ್ಯನಿಗೆ ಒಂದು ಸಾಲೂ ಇಲ್ಲ. ಭಾವ ಬಗ್ಗಿ ಆ ಫಲಕವನ್ನು ಪೂರ್ತಿ ಓದಿದರು. 'ಹದಿನೈದು ವರ್ಷದಿಂದ ಈ ಫೀಲ್ಡಲ್ಲಿದೀನಿ, ನನಗೆ ಗೊತ್ತೇ ಇರ್ಲಿಲ್ವಲ್ಲೋ' ಅಂದರು.

ಸ್ವಲ್ಪ ಮುಂದೆ 575ನೇ ನಂಬರ್. ಇಲ್ಲಿ ಹಾರ್ವೆ ಮಿಲ್ಕ್ ಎಂಬಾತ 1973ರಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದರು. ಮೂರು ಚುನಾವಣೆ ಸೋತು, 1977ರಲ್ಲಿ ನಾಲ್ಕನೆಯದನ್ನು ಗೆದ್ದು, ನಮ್ಮ ಕಾರ್ಪೊರೇಟರ್ ಇದ್ದ ಹಾಗೆ ನಗರದ ಸೂಪರ್‌ವೈಸರ್ ಆದರು. ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡೇ ಗೆದ್ದವರು. ಸಲಿಂಗಿಗಳ ಹಕ್ಕಿನ ಜೊತೆಗೆ, ನಾಯಿ ಗಲೀಜು ಮಾಡಿದರೆ ಒಡೆಯನೇ ಎತ್ತಬೇಕು ಎಂಬ ನಿಯಮವನ್ನೂ ತಂದು ಊರವರ ಮೆಚ್ಚುಗೆ ಗಳಿಸಿದ್ದರು. 1978ರಲ್ಲಿ ಸಲಿಂಗಿ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಂದ ತೆಗೆಯಬೇಕೆಂಬ ಪ್ರಸ್ತಾಪ ರಾಜ್ಯದಲ್ಲಿ ಮತಕ್ಕೆ ಬಂದಾಗ ಅವರು ಊರೂರಿಗೆ ಹೋಗಿ ಹೇಳಿದ್ದು ಒಂದೇ: ಮನೆಯವರಿಗೆ ಹೇಳಿ, ಗೆಳೆಯರಿಗೆ ಹೇಳಿ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಹೇಳಿ. ಆ ಪ್ರಸ್ತಾಪ ನವೆಂಬರ್ 7ರಂದು ಬಿದ್ದುಹೋಯಿತು. ನವೆಂಬರ್ 27ರಂದು ಮಾಜಿ ಸಹೋದ್ಯೋಗಿಯೊಬ್ಬ ಮೇಯರ್ ಜಾರ್ಜ್ ಮಾಸ್ಕೋನ್ ಅವರನ್ನೂ ಮಿಲ್ಕ್ ಅವರನ್ನೂ ನಗರಸಭೆಯ ಕಟ್ಟಡದಲ್ಲೇ ಗುಂಡಿಟ್ಟು ಕೊಂದ. ಅಧಿಕಾರದಲ್ಲಿದ್ದದ್ದು ಹನ್ನೊಂದು ತಿಂಗಳೂ ಪೂರ್ತಿಯಿಲ್ಲ. ಅವತ್ತು ರಾತ್ರಿ ಇದೇ ಬೀದಿಯಿಂದ ಸಾವಿರಾರು ಜನ ಮೇಣದ ಬತ್ತಿ ಹಿಡಿದು ನಗರಸಭೆಯವರೆಗೆ ನಡೆದರು.

ಔಷಧದಂಗಡಿಯ ಕಿಟಕಿ

18ನೇ ಬೀದಿ ಕ್ಯಾಸ್ಟ್ರೊವನ್ನು ಕೂಡುವಲ್ಲಿ ಜೀಬ್ರಾ ಕ್ರಾಸಿಂಗಿಗೂ ಕಾಮನಬಿಲ್ಲಿನ ಬಣ್ಣ. ಎಲ್ಲರೂ ಅಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಾರೆ, ನಾವೂ ತೆಗೆದುಕೊಂಡೆವು. ಆ ಮೂಲೆಯಲ್ಲಿ ಹಿಂದೆ ಸ್ಟಾರ್ ಫಾರ್ಮಸಿ ಎಂಬ ಔಷಧದಂಗಡಿ ಇತ್ತು. 1981ರಲ್ಲಿ ಬಾಬಿ ಕ್ಯಾಂಪ್‌ಬೆಲ್ ಎಂಬ ನರ್ಸ್ ತನ್ನ ಪಾದದ ಮೇಲೆ ಎದ್ದಿದ್ದ ನೇರಳೆ ಕಲೆಗಳ ಫೋಟೊ ತೆಗೆದು ಆ ಅಂಗಡಿಯ ಕಿಟಕಿಗೆ ಅಂಟಿಸಿದರು. ನಿಮಗೂ ಹೀಗೆ ಕಂಡರೆ ಡಾಕ್ಟರ ಹತ್ತಿರ ಹೋಗಿ ಎಂದು ಎಚ್ಚರಿಸಲು. ಆ ಕಾಯಿಲೆಗೆ ಏಡ್ಸ್ ಎಂಬ ಹೆಸರು ಕೂಡ ಆಗ ಇರಲಿಲ್ಲ. ಬಾಬಿ 1984ರಲ್ಲಿ ತೀರಿಕೊಂಡರು. ಆ ಒಂದೇ ನಗರದಲ್ಲಿ ಏಡ್ಸ್‌ಗೆ ಬಲಿಯಾದವರು ಸುಮಾರು 20 ಸಾವಿರ ಜನ.

ಬೇ ಏರಿಯಾ ರಿಪೋರ್ಟರ್ ಎಂಬ ಅಲ್ಲಿನ ವಾರಪತ್ರಿಕೆ ವಾರ ವಾರವೂ ನಿಧನ ವಾರ್ತೆಗಳನ್ನು ಛಾಪಿಸುತ್ತಿತ್ತು. 1998ರ ಆಗಸ್ಟ್ 13ರ ಸಂಚಿಕೆಯ ದೊಡ್ಡ ಸುದ್ದಿ ಏನು ಗೊತ್ತೇ? ಈ ವಾರ ನಿಧನ ವಾರ್ತೆ ಒಂದೂ ಇಲ್ಲ. ಹದಿನೇಳು ವರ್ಷಗಳಲ್ಲಿ ಅಂಥ ವಾರ ಬಂದದ್ದು ಅದೇ ಮೊದಲು. ಹೊಸ ಔಷಧಗಳು ಕೆಲಸ ಮಾಡತೊಡಗಿದ್ದವು.

ರಾತ್ರಿ ಒಂಬತ್ತರ ಹೊತ್ತಿಗೆ ಬೀದಿ ತುಂಬಿಕೊಂಡಿತು. ಬಾಗಿಲು ತೆರೆದಾಗಲೆಲ್ಲ ಸಂಗೀತ ಹೊರಗೆ ಚೆಲ್ಲುತ್ತಿತ್ತು. ನನ್ನ ವಯಸ್ಸಿನ ಇಬ್ಬರು ಹುಡುಗರು ಬಸ್‌ಸ್ಟಾಪಿನಲ್ಲಿ ಕೈ ಕೈ ಹಿಡಿದು ಜಗಳವಾಡುತ್ತಿದ್ದರು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ 'ಯಾರೂ ನೋಡದಿರುವುದನ್ನು' ನಾನು ಬಹಳ ಹೊತ್ತು ನೋಡುತ್ತಾ ನಿಂತೆ. ಕೊನೆಯ ರೈಲು ತಪ್ಪೀತೆಂದು ಭಾವ ಅವಸರಿಸಿದರು. ಸ್ಟೇಷನ್ನಿಗೆ ಹೋಗುವಾಗ ಮತ್ತೆ ಟ್ವಿನ್ ಪೀಕ್ಸ್ ದಾಟಬೇಕು. ಅಜ್ಜಂದಿರಿಬ್ಬರೂ ಇನ್ನೂ ಕೂತಿದ್ದರು. ಈ ಸಲ ಲೆಕ್ಕ ಹಾಕಿದೆ. 1981ರಲ್ಲಿ ಇವರಿಗೆ ಮೂವತ್ತರ ಆಸುಪಾಸು. ಜೊತೆಯವರನ್ನು ಒಬ್ಬೊಬ್ಬರಾಗಿ ಮಣ್ಣು ಮಾಡಿ ಉಳಿದವರು ಇವರು. ಅವರು ಅಲ್ಲಿ ಕಡಲೆಬೀಜ ತಿನ್ನುತ್ತಾ ಕೂತಿರುವುದೇ ಒಂದು ಸುದ್ದಿ ಅನ್ನಿಸಿತು.

ನಮ್ಮ ಕಡೆಯ ಗಾಜು

ಭಾರತದಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377 ಕೂಡ ಬ್ರಿಟಿಷರದೇ, 1860ರ ದಂಡ ಸಂಹಿತೆಯದು. ದೆಹಲಿ ಹೈಕೋರ್ಟ್ 2009ರಲ್ಲಿ ಅದನ್ನು ತಳ್ಳಿಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟೇ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. ಆಗ ನಾನು ಎಂಟನೇ ಕ್ಲಾಸು. ಟಿವಿಯಲ್ಲಿ ಸುದ್ದಿ ಬಂದಾಗ ಅಪ್ಪ ಚಾನೆಲ್ ಬದಲಿಸಿದರು. ಮದುವೆಯ ಹಕ್ಕನ್ನು 2023ರಲ್ಲಿ ಕೋರ್ಟ್ ಕೊಡಲಿಲ್ಲ. ಆದರೂ ಇವತ್ತು ನಾನು ಅಪರಾಧಿಯಲ್ಲ. ಕ್ಯಾಸ್ಟ್ರೊದಲ್ಲಿ ಕಿಟಕಿ ಹಾಕಿಸಿದ ಆ ಇಬ್ಬರು ಗೆಳತಿಯರಿಗಿಂತ ಕಾನೂನು ನನ್ನ ಕಡೆ ಹೆಚ್ಚಿದೆ. ನಮ್ಮಲ್ಲಿ ಕಾನೂನು ಬಂದಿದೆ, ಗಾಜು ಬರಬೇಕು.

ಬಂದೇ ಇಲ್ಲ ಎನ್ನಲಾರೆ. ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ಮೆರವಣಿಗೆ ನಡೆಯುತ್ತಿದೆ, 377 ಇನ್ನೂ ಇದ್ದಾಗಲೇ ಜನ ಬೀದಿಗಿಳಿದಿದ್ದರು. ಸಾಫ್ಟ್‌ವೇರ್ ಕ್ಷೇತ್ರದಿಂದಲೇ ಬಂದ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಕಥೆಗಳನ್ನು ಪ್ರಕಟಿಸಿದರು. ಅದನ್ನು ನಾನು ಓದಿದ್ದು ಹಾಸ್ಟೆಲಿನಲ್ಲಿ, ಮುಖಪುಟ ಕಾಣದ ಹಾಗೆ ನ್ಯೂಸ್‌ಪೇಪರ್ ಬೈಂಡ್ ಹಾಕಿ. ನೋಡಿ, ಪುಸ್ತಕಕ್ಕೂ ಪರದೆ.

ನನ್ನಂಥವರಿಗೆ ಪೇಪರುಗಳು ಇಟ್ಟಿರುವ ಹೆಸರಿನದೂ ಇದೇ ಕಥೆ. 'ಸಲಿಂಗಕಾಮಿ.' ಆ ಪದದ ಅರ್ಧ ಭಾಗ ಕಾಮವೇ. ನಮ್ಮ ಭಾವ ಹೆಣ್ಣನ್ನು ಪ್ರೀತಿಸಿ ಮದುವೆಯಾದವರು, ಅವರನ್ನು ಯಾರೂ 'ಕಾಮಿ' ಅನ್ನುವುದಿಲ್ಲ. 'ಅಳಿಯಂದಿರು' ಅನ್ನುತ್ತಾರೆ, ಹೋಳಿಗೆಗೆ ತುಪ್ಪ ಹಾಕುತ್ತಾರೆ. ಆ ಇಬ್ಬರು ಅಜ್ಜಂದಿರನ್ನು ಕನ್ನಡದಲ್ಲಿ ಏನೆಂದು ಕರೆಯಲಿ? ನನಗೆ 'ಅಜ್ಜಂದಿರು' ಎಂಬ ಪದವೇ ಸಾಕಾಯಿತು.

ಊರಿಗೆ ಹೊರಡಲು ನಾಲ್ಕು ದಿನ ಇದ್ದಾಗ ಅಮ್ಮನಿಗೆ ಹೇಳಿದೆ. ಅವಳು ಮಗುವಿನ ಬಟ್ಟೆ ಮಡಿಸುತ್ತಿದ್ದಳು, ಅಕ್ಕ ಪಕ್ಕದಲ್ಲಿದ್ದಳು. ಅಮ್ಮ ಮಡಿಸುವುದನ್ನು ನಿಲ್ಲಿಸಲಿಲ್ಲ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. 'ಅವತ್ತು ಹೋಗಿದ್ದು ಅಂಥಾ ಕಡೆಗೇನಾ?' ಎಂದು ಕೇಳಿದಳು. ಹೌದೆಂದೆ. 'ಅಲ್ಲಿ ಏನಿತ್ತು?' ಮಿಲ್ಕ್, ಬಾವುಟ, ಕಾನೂನು ಎಲ್ಲ ಬಾಯಿಗೆ ಬಂದರೂ ನಾನು ಹೇಳಿದ್ದು ಕಿಟಕಿ ಪಕ್ಕದ ಇಬ್ಬರು ಅಜ್ಜಂದಿರ ವಿಷಯ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, 'ಅವರಿಗೆ ಅಡುಗೆ ಯಾರು ಮಾಡಿ ಹಾಕ್ತಾರೆ?' ಅಂದಳು. 'ಅವರೇ ಮಾಡ್ಕೋತಾರೆ ಅಮ್ಮ.' 'ನಿನಗೆ ಅನ್ನಕ್ಕೆ ನೀರು ಇಡೋಕೂ ಬರಲ್ಲ' ಎಂದು ಎದ್ದು ಹೋದಳು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ವಿಮಾನ ಮೇಲೇರುವಾಗ ಮಾತ್ರ, ಬರುವಾಗ ಮಾಡಿದ ಹಾಗೆಯೇ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅಪ್ಪನಿಗೆ ಅಮ್ಮನೇ ಹೇಳಿದ್ದಾಳೆ. ಅಪ್ಪ ನನ್ನೆದುರು ಇನ್ನೂ ಆ ಮಾತು ಎತ್ತಿಲ್ಲ. ಹಾಸ್ಟೆಲ್ ಫೀಸು ಕಟ್ಟಿದರು, ಬಸ್‌ಸ್ಟ್ಯಾಂಡಿಗೆ ಬಿಟ್ಟು ಹೋದರು. ಈ ಲೇಖನ ಕಳಿಸುವ ಮುನ್ನ ಅಮ್ಮನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿ, ಹೆಸರು ಹಾಕಲೇ ಎಂದು ಕೇಳಿದೆ. 'ಈ ಸಲ ಬೇಡ' ಅಂದಳು. ಕೆಳಗೆ ನನ್ನ ಹೆಸರಿಲ್ಲದಿರುವುದು ಅದಕ್ಕೇ. 'ಬೇಡ' ಅನ್ನುವ ಮೊದಲು 'ಈ ಸಲ' ಅಂದಳಲ್ಲ, ಅಷ್ಟನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಅಂದ ಹಾಗೆ, ಗೆಳೆಯನ ರೂಮಿನಲ್ಲಿ ಅನ್ನ ಮಾಡುವುದನ್ನು ಕಲಿತಿದ್ದೇನೆ. ಸಾರು ಇನ್ನೂ ಹದಕ್ಕೆ ಬರಬೇಕು.